ಒಂದು ವಾರದ ಪಾಠ

(ಕರ್ನಾಟಕ ರಾಜ್ಯೋತ್ಸವದ ನಿಮಿತ್ತ ಕೂಡಿದ ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ದಿನ ಇಂಥ ಸಭೆಯಲ್ಲಿ ನಿಂತು ಮಾತಾಡುವವರು ನಾಡಿನ ಗತವೈಭವವನ್ನು ಕೊಂಡಾಡುವದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಸಮರ್ಥರಾದವರು ಮಾಡಿದ್ದಾರೆ, ಇನ್ನೂ ಮಾಡುವರು. ನಾವಾದರೋ ಇಂದು ಒಂದು ಚಿಕ್ಕ ಕೋಣೆಯ ವೃತ್ತಾಂತವನ್ನು ತಮ್ಮ ಮುಂದೆ ಅರಿಕೆಮಾಡಲು ಬಂದಿರುವೆವು. ಆ ಕೋಣೆಗೆ ಎರಡು ಕಿಟಕಿ, ಒಂದು ಬಾಗಿಲು. ಒಳಗೆ 27 ಮಕ್ಕಳು, ಒಬ್ಬರೇ ಅಕ್ಕೋರು. ಕೃಷ್ಣಾ ತೀರದ ಒಂದು ಹಳ್ಳಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ, ಎರಡನೆಯ, ಮೂರನೆಯ ಇಯತ್ತೆಗಳು ಒಟ್ಟಿಗೇ ಕೂಡುವ ವರ್ಗವದು. ದಸರೆಯ ಸೂಟಿ ಮುಗಿದ ಮೇಲೆ ಸೋಮವಾರದಿಂದ ಶನಿವಾರದ ವರೆಗೆ ನಾವು ಆ ಕೋಣೆಯ ಹಿಂದಿನ ಗೋಡೆಗೆ ಆತು ಕುಳಿತು, ಕಲಿಕೆ ಎಂಬದು ಹೇಗೆ ನಡೆಯುವದೆಂದು ಕಣ್ಣಾರೆ ಕಂಡೆವು. ಮೂವತ್ತು ವರ್ಷ ನಾವೂ ಮಾಸ್ತರಿಕೆ ಮಾಡಿದವರೇ. ಆದರೆ ಕಲಿಸುವವನು ಹಲಗೆಯ ಕಡೆಗೆ ನಿಂತಿರುವನಾದಕಾರಣ ಅವನಿಗೆ ಕಾಣದ ಎಷ್ಟೋ ಸಂಗತಿಗಳು ಹಿಂದಿನ ಗೋಡೆಗೆ ಕುಳಿತವನಿಗೆ ಕಾಣುತ್ತವೆ.

ಪ್ರಾಥಮಿಕ ಶಾಲೆಗೂ ರಾಜ್ಯೋತ್ಸವಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಬಹಳವಿದೆ. ಏಕೀಕರಣದ ಮಾತು ಮೊಳೆತದ್ದೇ ಕನ್ನಡ ಶಾಲೆಯ ಅಂಗಳದಲ್ಲಿ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಮಕ್ಕಳಿಗೆ ಕನ್ನಡದಲ್ಲಿಯೇ ಪಾಠವಾಗಬೇಕೆಂದು ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. 1890 ರಲ್ಲಿ ರಾ. ಹ. ದೇಶಪಾಂಡೆಯವರೇ ಮೊದಲಾದವರು ಧಾರವಾಡದಲ್ಲಿ ಸ್ಥಾಪಿಸಿದ ಸಂಘಕ್ಕೆ ಇಟ್ಟ ಹೆಸರೂ ‘ವಿದ್ಯಾವರ್ಧಕ’ ಎಂಬದೇ. ಅನೇಕ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಾಡು 1956 ರ ನವೆಂಬರ 1 ರಂದು ಒಂದಾಯಿತು. 1973 ರಲ್ಲಿ ಕರ್ನಾಟಕವೆಂಬ ಹೆಸರನ್ನೂ ಪಡೆಯಿತು. ನಕಾಶೆಯ ಗೆರೆಗಳು ಕೂಡಿದವು. ಆದರೆ ಮಗುವಿನ ಮನೆಯ ಮಾತು ಒಂದು ಕಡೆ, ಪುಸ್ತಕದ ಮಾತು ಇನ್ನೊಂದು ಕಡೆ ಇರುವ ಗೆರೆಯು ಕೂಡಿತೆ? ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡೇ ನಾವು ಆ ವರ್ಗಕ್ಕೆ ಹೋದೆವು.

ಸೋಮವಾರ

ಪ್ರಾರ್ಥನೆ ಮುಗಿದು, ಮಕ್ಕಳು ಹಾಲು ಕುಡಿದು ಒಳಗೆ ಬಂದರು. ಅಲ್ಲಿಯದು ‘ನಲಿ-ಕಲಿ’ ಪದ್ಧತಿ. 1995 ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಆರಂಭಿಸಿದ ಈ ಪದ್ಧತಿಯು ಮುಂದೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಮಕ್ಕಳು ಇಯತ್ತೆಯಂತೆ ಸಾಲಾಗಿ ಕೂಡುವದಿಲ್ಲ. ಕಲಿಕೆಯ ಏಣಿಯಲ್ಲಿ ಯಾರು ಯಾವ ಮೆಟ್ಟಿಲಲ್ಲಿರುವರೋ ಅದರಂತೆ ಐದು ಗುಂಪುಗಳಾಗಿ ನೆಲದ ಮೇಲೆ ದುಂಡಗೆ ಕೂಡುವರು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಕೊನೆಯ ಗುಂಪಿಗೆ ತನ್ನ ಕೆಲಸ ತಾನೇ.

ಅಕ್ಷರಗಳನ್ನೂ ಇಲ್ಲಿ ಅ, ಆ, ಇ, ಈ ಎಂಬ ಕ್ರಮದಿಂದ ಕಲಿಸುವದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಮೊದಲು. ಹಳೆಯ ಪದ್ಧತಿಯಲ್ಲಿ ಬೆಳೆದ ನಮಗೆ ಇದು ಮೊದಲು ಅಪಶಕುನದಂತೆಯೇ ತೋರಿತೆಂದು ಒಪ್ಪುವೆವು. ವರ್ಣಮಾಲೆಯ ಕ್ರಮವು ನಮ್ಮ ಪೂರ್ವಿಕರ ಶಾಸ್ತ್ರಜ್ಞಾನದ ಕುರುಹು. ಗಂಟಲಿನಿಂದ ತುಟಿಯ ವರೆಗೆ ಧ್ವನಿಯು ಹುಟ್ಟುವ ಸ್ಥಾನಗಳನ್ನು ಅದು ಕ್ರಮವಾಗಿ ತೋರಿಸುತ್ತದೆ. ಆದರೆ ಆ ಕ್ರಮವು ಬಲ್ಲವನಿಗೆ ರುಚಿಸತಕ್ಕದ್ದು. ಬಳಪ ಹಿಡಿಯಲು ಈಗ ತಾನೆ ಕಲಿತ ಬೆರಳಿಗೆ ಬೇಕಾದದ್ದು ಸುಲಭವಾದ, ಒಂದನ್ನೊಂದು ಹೋಲುವ ಆಕೃತಿಗಳು. ಮೇಲಾಗಿ ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ, ದಸರ ಎಂದು ಅರ್ಥವುಳ್ಳ ಶಬ್ದಗಳು ಹುಟ್ಟುತ್ತವೆ. ತಿಂಗಳೊಳಗಾಗಿ ಮಗುವು ‘ನಾನು ಓದಿದೆ’ ಎನ್ನಬಲ್ಲದು. ಆ ಒಂದು ಮಾತಿಗಾಗಿ ನಾವು ನಮ್ಮ ಹಳೆಯ ಹಟವನ್ನು ಬಿಟ್ಟುಕೊಟ್ಟೆವು.

ಅಂದು ನಮ್ಮ ಕಣ್ಣು ಒಂದು ಕೂಸಿನ ಮೇಲೆ ನಿಂತಿತು. ಎರಡನೆಯ ಇಯತ್ತೆಯದು, ಊರ ಹೊರಗಿನ ಲಂಬಾಣಿ ತಾಂಡೆಯದು. ವರ್ಗದಲ್ಲಿ ತಾಂಡೆಯ ಮಕ್ಕಳು ಆರು. ಉಳಿದ ಐವರು ಕಲಕಲ ಮಾಡುತ್ತಿದ್ದರು. ಈ ಕೂಸು ಮಾತ್ರ ಇಡೀ ದಿನ ಬಾಯಿ ತೆರೆಯಲಿಲ್ಲ. ಇಯತ್ತೆ ಎರಡಾದರೂ ಕೂತದ್ದು ಮೊದಲ ಮೆಟ್ಟಿಲಿನ ಗುಂಪಿನಲ್ಲಿ. ಕಾರಣವನ್ನು ಕೇಳಲು ಅಕ್ಕೋರು ಹೇಳಿದರು: “ಹಬ್ಬ ಮುಗಿದ ಕೂಡಲೆ ಇದರ ತಾಯಿತಂದೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಕೂಸೂ ಹೋಗುತ್ತದೆ. ಹೋದ ವರ್ಷ ಹೋದದ್ದು ಯುಗಾದಿಗೆ ಬಂತು.” ‘ಬಾಯಿದ್ದ ಮಗ ಬರದಾಗ ಬದುಕಿದ’ ಎಂದು ನಮ್ಮಲ್ಲಿ ಗಾದೆಯುಂಟು. ಬಾಯಿ ತೆರೆಯದ ಈ ಮಗುವಿನ ಗತಿ ಏನೆಂದು ನಾವು ಚಿಂತಿಸಿದೆವು.

ಮಂಗಳವಾರ

ಅಂದು ಗೋಡೆಗೆ ಚಿತ್ರಪಟವೊಂದನ್ನು ತೂಗಹಾಕಿದರು, ಪೇಟೆಯಲ್ಲಿ ಕೊಂಡದ್ದು. ತೆನೆಯೊಂದರ ಚಿತ್ರದ ಕೆಳಗೆ ‘ಜೋಳ’ ಎಂದು ಅಚ್ಚಾಗಿತ್ತು. ಮೂರನೆಯ ಇಯತ್ತೆಯ ಹುಡುಗನೊಬ್ಬನು ಎದ್ದು ನಿಂತು, “ಅಕ್ಕೋರ, ಇದು ಜೋಳ ಅಲ್ಲರಿ, ಗೋವಿನಜೋಳ” ಎಂದನು. ಹುಡುಗನ ಮಾತೇ ಸರಿ. ಬಿಳಿಜೋಳದ ಸೀಮೆಯಲ್ಲಿ ಹುಟ್ಟಿ ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಜೋಳವೆಂದರೆ ಒಂದೇ. ದಕ್ಷಿಣದ ಪೇಟೆಗಳಲ್ಲಿ ಎಷ್ಟೋ ಜನರು ಮುಸುಕಿನ ಜೋಳಕ್ಕೇ ಬರಿದೆ ಜೋಳವೆನ್ನುವರು. ಮುಂದಿನ ಚಿತ್ರ ಗದ್ದೆಯದು. ಮಕ್ಕಳೆಲ್ಲ ಒಕ್ಕೊರಲಿನಿಂದ “ಹೊಲ” ಎಂದರು. ನೀರು ನಿಲ್ಲಿಸಿ ಭತ್ತ ಬೆಳೆಯುವದನ್ನು ಕಾಣದವರಿಗೆ ಗದ್ದೆ ಎಲ್ಲಿಂದ ಬರಬೇಕು?

ಇಲ್ಲಿ ಅಕ್ಕೋರು ಮಾಡಿದ ಕಾರ್ಯವು ಮನನೀಯವಾದದ್ದು. ‘ತಪ್ಪು’ ಎಂಬ ಶಬ್ದವನ್ನೇ ಆಡಲಿಲ್ಲ. ಹಲಗೆಯ ಮೇಲೆ ಎರಡು ಸಾಲು ಮಾಡಿದರು. ಒಂದು ಸಾಲಿನ ತಲೆಗೆ ‘ನಮ್ಮೂರಲ್ಲಿ’ ಎಂದು ಬರೆದು ಹೊಲ, ಕಾಯಿಪಲ್ಲೆ, ಗೋವಿನಜೋಳಗಳನ್ನು ಇಟ್ಟರು. ಇನ್ನೊಂದರ ತಲೆಗೆ ‘ಬೇರೆ ಊರಲ್ಲಿ’ ಎಂದು ಬರೆದು ಗದ್ದೆ, ತರಕಾರಿ, ಮುಸುಕಿನ ಜೋಳಗಳನ್ನು ಇಟ್ಟರು. “ಮೈಸೂರ ಕಡೆ ಹೋದರ ಇವನ್ನ ಕೇಳತೀರಿ, ಅವರು ನಿಮ್ಮೂರಿಗೆ ಬಂದರ ಇವನ್ನ ಕೇಳತಾರ” ಎಂದರು. ಬಂಧುಗಳೇ, ಏಕೀಕರಣವೆಂದರೆ ಇದೇ ಅಲ್ಲವೆ? ಒಂದು ಸೀಮೆಯ ಶಬ್ದವನ್ನು ಅಳಿಸಿ ಇನ್ನೊಂದು ಸೀಮೆಯ ಶಬ್ದವನ್ನು ಬರೆಯುವದು ಏಕೀಕರಣವಲ್ಲ. ಎರಡನ್ನೂ ಒಂದೇ ಹಲಗೆಯ ಮೇಲೆ ಬರೆಯುವದು ಏಕೀಕರಣ.

ಮಧ್ಯಾಹ್ನ ಊಟವಾದ ಮೇಲೆ ಮೇಲಿನಿಂದ ಫೋನು ಬಂದು, ಯಾವುದೋ ಮಾಹಿತಿಯನ್ನು ಕೊಡಲು ಅಕ್ಕೋರು ಸಭೆಗೆ ಹೋಗಬೇಕಾಯಿತು. ಪಾಠ ನಿಂತಿತು. ಹಿರಿಯ ವರ್ಗದ ಹುಡುಗಿಯೊಬ್ಬಳು ಬಂದು ಮಕ್ಕಳನ್ನು ‘ಸುಮ್ಮನೆ’ ಕೂಡಿಸಿದಳು.

ಬುಧವಾರ

ಇಂದು ಲೆಕ್ಕ. ತೊಗರಿಯ ಕಡ್ಡಿಗಳ ರಾಶಿಯನ್ನು ನಡುವೆ ಹಾಕಿ ಹತ್ತತ್ತರ ಕಟ್ಟು ಕಟ್ಟಲು ಹೇಳಿದರು. ಲೆಕ್ಕದಲ್ಲಿ ಕನ್ನಡದ ಮಗುವಿಗೆ ಒಂದು ಭಾಗ್ಯವಿದೆ. ಅದನ್ನು ನಾವು ಸಾಮಾನ್ಯವಾಗಿ ಮರೆತಿರುವೆವು. ಕನ್ನಡದ ಸಂಖ್ಯಾವಾಚಕಗಳು ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ‘ಇಪ್ಪತ್ತಮೂರು’ ಎಂದರೆ ಇಪ್ಪತ್ತು, ಮತ್ತೆ ಮೂರು. ಬರೆಯುವಾಗಲೂ ಮೊದಲು 2, ಬಳಿಕ 3. ಮರಾಠಿಯಲ್ಲಿ ಅದೇ ಸಂಖ್ಯೆಯು ‘ತೇವೀಸ’. ಅಲ್ಲಿ ಮೂರು ಮೊದಲು ಬಂದು ಇಪ್ಪತ್ತು ಹಿಂದೆ ನಿಲ್ಲುತ್ತದೆ. ಹತ್ತೊಂಬತ್ತಕ್ಕೆ ‘ಏಕೋಣೀಸ’, ಅಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ನಾವು ಆ ಭಾಷೆಯನ್ನು ಹಳಿಯುವದಿಲ್ಲ. ಅದರ ಮಕ್ಕಳೂ ಲೆಕ್ಕದಲ್ಲಿ ಜಾಣರೇ. ಆದರೆ ಕನ್ನಡದ ಶಬ್ದವೇ ಬಿಡಿ-ಹತ್ತುಗಳ ಪಾಠವನ್ನು ಅರ್ಧ ಹೇಳಿಕೊಡುವಾಗ ಶಿಕ್ಷಕರು ಅದರ ಉಪಯೋಗವನ್ನು ಬಿಡಬಾರದು. ಒಂಬತ್ತು, ತೊಂಬತ್ತು ಎಂಬ ಜೋಡಿಯೊಂದೇ ನಮ್ಮಲ್ಲಿ ಮಕ್ಕಳನ್ನು ಎಡವಿಸತಕ್ಕದ್ದು; ಅಂದು ಮೂವರು ಅಲ್ಲಿಯೇ ಎಡವಿದರು.

ಆದರೆ ಈ ದಿನದ ಮುಖ್ಯ ಸಂಗತಿಯು ಬೇರೆ. ಉಳಿದ ಮಕ್ಕಳು ಒಂದು ಕಟ್ಟು ಕಟ್ಟುವಷ್ಟರಲ್ಲಿ ಆ ಮೂಕಕೂಸು ನಾಲ್ಕು ಕಟ್ಟಿ ಇಟ್ಟಿತ್ತು! ಎಣಿಸಿ ನೋಡಿದರೆ ಪ್ರತಿಯೊಂದರಲ್ಲಿಯೂ ಸರಿಯಾಗಿ ಹತ್ತು. ಗಂಟು ಬಿಗಿಯಾಗಿತ್ತು, ಕಡ್ಡಿಗಳ ತುದಿಗಳು ಸಮವಾಗಿದ್ದವು. ಕಬ್ಬಿನ ಹೊಲದಲ್ಲಿ ತಾಯಿಯ ಬೆನ್ನಿಗೆ ನಿಂತು ಹೊರೆ ಕಟ್ಟುವದನ್ನು ನೋಡಿದ ಕೈ ಅದು. ಅಕ್ಕೋರು ಹತ್ತಿರ ಕುಳಿತು, “ಇಷ್ಟು ಚಂದ ಕಟ್ಟೋದು ಯಾರು ಕಲಿಸ್ಯಾರವ್ವ?” ಎಂದು ಕೇಳಿದರು. ಕೂಸು ತಲೆ ಎತ್ತದೆ, “ಯಾಡಿ” ಎಂದಿತು.

ಲಂಬಾಣಿ ಭಾಷೆಯಲ್ಲಿ ಯಾಡಿ ಎಂದರೆ ತಾಯಿ. ವಾರದಲ್ಲಿ ನಾವು ಕೇಳಿದ ಅದರ ಮೊದಲ ಮಾತು ಅದು.

ಗುರುವಾರ

ಈ ದಿನದ ವೃತ್ತಾಂತಕ್ಕೆ ಮುಂಚೆ ನಮ್ಮದೊಂದು ಅಪರಾಧವನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾವು ಹೊಸದಾಗಿ ಮಾಸ್ತರಾದ ಕಾಲ. ನಮ್ಮ ವರ್ಗದಲ್ಲಿ ತಾಂಡೆಯ ಹುಡುಗನೊಬ್ಬನಿದ್ದ. ಬಾಯಾರಿದಾಗ ಅವನು “ಪಾಣಿ” ಎಂದು ಕೇಳಿದ. “ನೀರು ಅನ್ನು, ಅಂದರೆ ಕುಡಿಯಲು ಬಿಡುವೆ” ಎಂದೆವು. ವರ್ಗವೆಲ್ಲ ನಕ್ಕಿತು, ನಾವೂ ನಕ್ಕೆವು. ಕನ್ನಡದ ಸೇವೆ ಮಾಡಿದೆವೆಂಬ ಹೆಮ್ಮೆಯೂ ನಮಗಿದ್ದೀತು. ಹುಡುಗನು ನೀರು ಕುಡಿಯಲಿಲ್ಲ. ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹಾಜರಿಪಟದಲ್ಲಿ ಅವನ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು ಹಾಕಿ, ಕಡೆಗೆ ಹೆಸರನ್ನು ಹೊಡೆದುಹಾಕಿದ ಕೈ ನಮ್ಮದೇ. ನಾವು ಅವನಿಗೆ ಬೆತ್ತ ಮುಟ್ಟಿಸಿರಲಿಲ್ಲ. ಆದರೆ 2009 ರ ಶಿಕ್ಷಣ ಹಕ್ಕಿನ ಕಾಯದೆಯು ದೇಹದಂಡನೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ಏಕೆ ನಿಷೇಧಿಸಿದೆ ಎಂಬದನ್ನು ಓದಿದಾಗ ನಮಗೆ ನೆನಪಾದದ್ದು ಆ ಹುಡುಗನ ಒಣಗಿದ ತುಟಿ.

ಹೀಗಿರಲು ಗುರುವಾರ ಬೆಳಿಗ್ಗೆ ಅಕ್ಕೋರು ಹಲಗೆಯ ಮೇಲೆ ದೊಡ್ಡದಾಗಿ ‘ಅವ್ವ’ ಎಂದು ಬರೆದು, ಅದರ ಕೆಳಗೆ ‘ಯಾಡಿ’ ಎಂದು ಬರೆದದ್ದನ್ನು ಕಂಡು ನಮ್ಮ ಕಣ್ಣಿಗೆ ಮಂಜು ಕವಿದದ್ದು ಆಶ್ಚರ್ಯವಲ್ಲ. ತಾಂಡೆಯ ಆರೂ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ತಮ್ಮ ಮನೆಯ ಮಾತನ್ನೂ ಬರೆಯಲು ಬರುತ್ತದೆಂಬದು ಅವರಿಗೆ ಅಂದಿನ ವರೆಗೆ ತಿಳಿದಿರಲಿಲ್ಲ. ಯಕಾರಕ್ಕೆ ದೀರ್ಘ, ಡಕಾರಕ್ಕೆ ಗುಡಿಸು. ನಮ್ಮ ಲಿಪಿಗೆ ಅದೇನು ಕಷ್ಟ? ಲಂಬಾಣಿಯನ್ನು ಆಯಾ ಸೀಮೆಯ ಲಿಪಿಯಲ್ಲಿಯೇ ಬರೆಯುವ ರೂಢಿ. ನಮ್ಮ ನಾಡಿನಲ್ಲಿ ಕನ್ನಡವೇ ಅದಕ್ಕೆ ಲಿಪಿಯನ್ನು ಕೊಟ್ಟಿದೆ. ಕನ್ನಡವು ಕೊಡುವ ಭಾಷೆ, ಕಸಿಯುವ ಭಾಷೆಯಲ್ಲವೆಂಬದನ್ನು ನಾವು ವೇದಿಕೆಯ ಮೇಲಿಂದ ಎಷ್ಟು ಸಲ ಹೇಳಿರುವೆವು! ಆ ಕೋಣೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ, ಬರೆದು ತೋರಿಸಿದರು.

ಆ ಕೂಸು ಪಾಟಿಯ ಮೇಲೆ ಆ ಎರಡಕ್ಷರಗಳನ್ನು ಮಧ್ಯಾಹ್ನದ ವರೆಗೂ ತಿದ್ದಿತು. ಡಕಾರವು ಎರಡು ಸಲ ತಿರುವುಮುರುವಾಯಿತು. ಮೂರನೆಯ ಸಲ ಸರಿಯಾಯಿತು. ಅಳಿಸಲು ಹೇಳಿದರೆ ಅಳಿಸಲಿಲ್ಲ. ಪಾಟಿಯನ್ನು ಎದೆಗೆ ಅವಚಿಕೊಂಡೇ ಊಟಕ್ಕೆ ಹೋಯಿತು.

ಶುಕ್ರವಾರ

ಮೂರನೆಯ ಇಯತ್ತೆಯ ಮಕ್ಕಳಿಗೆ ಇಂದು ಒತ್ತಕ್ಷರಗಳ ಓದು. ಅಕ್ಕ, ಹಳ್ಳ, ಎಮ್ಮೆಗಳನ್ನು ಸಲೀಸಾಗಿ ದಾಟಿದರು. ಮುಂದೆ ‘ಕರ್ನಾಟಕ’ ಎಂಬ ಶಬ್ದ ಬಂತು. ಒಂಬತ್ತು ಮಕ್ಕಳಲ್ಲಿ ಐವರು “ಕನಾಟಕ” ಎಂದೇ ಓದಿದರು. ನಾಡಿನ ಹೆಸರಿನಲ್ಲಿಯೇ ಮಗುವಿಗೆ ಒಂದು ತೊಡಕಿದೆ ಎಂಬದನ್ನು ನಾವು ದೊಡ್ಡವರು ಎಂದಾದರೂ ಯೋಚಿಸಿದ್ದೆವೆ? ಉಚ್ಚಾರದಲ್ಲಿ ರಕಾರವು ನಕಾರಕ್ಕಿಂತ ಮೊದಲು; ಬರವಣಿಗೆಯಲ್ಲಿ ಅರ್ಕಾವತ್ತು ‘ನಾ’ದ ಹಿಂದೆ ಕುಳಿತಿದೆ. ಕಣ್ಣು ಮುಂದೆ ಹೋಗಿ, ಅದನ್ನು ಹೆಕ್ಕಿಕೊಂಡು, ಹಿಂದೆ ಬಂದು ಓದಬೇಕು. ನಮಗೆ ಇದು ಉಸಿರಾಟದಷ್ಟು ಸಹಜವಾಗಿರುವದರಿಂದ ಮಗುವಿನ ಕಷ್ಟವು ಕಾಣದು. ಅಕ್ಕೋರು ರಕಾರಕ್ಕೆ ಒಬ್ಬ ಹುಡುಗನನ್ನೂ ‘ನಾ’ಕ್ಕೆ ಒಬ್ಬಳನ್ನೂ ನಿಲ್ಲಿಸಿ, ಓದುವಾಗ ಅವನನ್ನು ಮುಂದಕ್ಕೂ ಬರೆಯುವಾಗ ಹಿಂದಕ್ಕೂ ಓಡಿಸಿದರು. ಮಕ್ಕಳು ನಕ್ಕರು, ಈ ನಗೆಯಲ್ಲಿ ಯಾರಿಗೂ ನೋವಿರಲಿಲ್ಲ. ಬಳಿಕ ಸೂರ್ಯ, ವರ್ಷ, ತೀರ್ಥ ಎಲ್ಲವೂ ತಾವಾಗಿಯೇ ಬಂದವು.

ಅತ್ತ ಮೊದಲ ಗುಂಪಿನಲ್ಲಿ ನಮ್ಮ ಕೂಸು ಮಿಂಚುಪಟ್ಟಿಗಳನ್ನು ಎತ್ತಿ, ಬೆರಳಿಟ್ಟು, ಬಹಳ ಸಣ್ಣ ದನಿಯಲ್ಲಿ ‘ಸರ’, ‘ದರ’, ‘ಅರಸ’ ಎಂದು ಓದಿತು. ‘ಗರಗಸ’ಕ್ಕೆ ಬಂದಾಗ ನಿಂತು, ನಮ್ಮ ಕಡೆಗೊಮ್ಮೆ ನೋಡಿ, ಓದಿಯೇ ಬಿಟ್ಟಿತು.

ಶನಿವಾರ

ಶನಿವಾರ ಮುಂಜಾನೆಯ ಶಾಲೆ. ಮಕ್ಕಳು ಅಂಗಳದಲ್ಲಿ ಆಡುತ್ತಿರುವಾಗ ನಾವು ಅಕ್ಕೋರೊಡನೆ ಕುಳಿತು ವಾರದ ಲೆಕ್ಕ ತೆಗೆದೆವು. ಪ್ರಾರ್ಥನೆ, ಹಾಲು, ಹಾಜರಿ, ಊಟ ಕಳೆದು ದಿನಕ್ಕೆ ಪಾಠಕ್ಕೆ ಉಳಿದದ್ದು ಸುಮಾರು 4½ ತಾಸು, ಅಂದರೆ 270 ನಿಮಿಷ. ಮಕ್ಕಳು 27. ಒಂದು ಮಗುವಿನ ಪಾಲಿಗೆ ಗುರುವಿನ ಗಮನ ದಿನಕ್ಕೆ 10 ನಿಮಿಷ. ಶನಿವಾರದ ಅರ್ಧ ದಿನ, ಮಂಗಳವಾರದ ಸಭೆ ಎರಡನ್ನೂ ಹಿಡಿದು ನೋಡಲು ವಾರಕ್ಕೆ 50 ನಿಮಿಷ. ಇಷ್ಟರಲ್ಲಿಯೇ ಅಕ್ಷರ, ಲೆಕ್ಕ, ಮಾತು, ಧೈರ್ಯ ಎಲ್ಲವೂ ಬರಬೇಕು. ಮೇಲಿನವರು ಅರ್ಧ ದಿನದ ಸಭೆಗೆ ಕರೆದಾಗ ಕಳೆಯುವದು ಒಬ್ಬ ಶಿಕ್ಷಕಿಯ ಅರ್ಧ ದಿನವಲ್ಲ. 27 ಮಕ್ಕಳು ತಲಾ ಐದು ನಿಮಿಷ ತಮ್ಮ ಗುರುವನ್ನು ಕಳೆದುಕೊಳ್ಳುವರು. ಐದು ನಿಮಿಷವೆಂದರೆ ಅಲ್ಪವೆ? ‘ಯಾಡಿ’ ಎಂಬ ಮಾತು ಹೊರಬೀಳಲು ಐದು ನಿಮಿಷವೂ ಹಿಡಿಯಲಿಲ್ಲ. ಆದರೆ ಆ ನಿಮಿಷದಲ್ಲಿ ಅಕ್ಕೋರು ಅಲ್ಲಿ ಕುಳಿತಿರಬೇಕಾಗಿತ್ತು.

ನಮ್ಮ ಬಿನ್ನಹಗಳು

ಇದೇ ನಾವು ಕಂಡ ವಾರ. ಇದರಿಂದ ಹುಟ್ಟಿದ ನಾಲ್ಕು ಬಿನ್ನಹಗಳನ್ನು ಮಾಡಿ ಮುಗಿಸುವೆವು.

ಮೊದಲನೆಯದು ಶಿಕ್ಷಕ ಬಂಧುಗಳಿಗೆ. ಮಗುವು ಮನೆಯಿಂದ ತಂದ ಮಾತನ್ನು ಬಾಗಿಲಲ್ಲಿ ಕಸಿಯಬೇಡಿರಿ. ಅದು ಬಿಜಾಪುರದ ಕನ್ನಡವಿರಲಿ, ಕುಂದಾಪುರದ ಕನ್ನಡವಿರಲಿ, ಲಂಬಾಣಿ, ತುಳು, ಕೊಡವ, ಉರ್ದು ಯಾವುದೇ ಇರಲಿ, ಮೊದಲು ಅದನ್ನು ಹಲಗೆಯ ಮೇಲೆ ಬರೆಯಿರಿ. ಅದರ ಪಕ್ಕದಲ್ಲಿ ಪುಸ್ತಕದ ಮಾತನ್ನು ಬರೆಯಿರಿ. ಕಲಿಸುವ ಭಾಷೆಯು ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯೇ ಆಗಿರಬೇಕೆಂದು 2009 ರ ಕಾಯದೆಯೂ ಹೇಳಿದೆ. ಕನ್ನಡಕ್ಕಾಗಿ ನಾವು ಮರಾಠಿಯ ಮುಂದೆ ಕೇಳಿದ ನ್ಯಾಯವನ್ನು ನಮ್ಮ ಮಡಿಲಲ್ಲಿರುವ ಚಿಕ್ಕ ಭಾಷೆಗಳಿಗೆ ನಾವು ಕೊಡದಿದ್ದರೆ ಚನ್ನಬಸಪ್ಪನವರ ಹೆಸರೆತ್ತುವ ಅಧಿಕಾರವು ನಮಗಿಲ್ಲ.

ಎರಡನೆಯದು ಅಧಿಕಾರಿಗಳಿಗೆ. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವುಗಳ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದೆಂದು ಅದೇ ಕಾಯದೆಯಲ್ಲಿದೆ. ಕಾಯದೆಯ ಅಕ್ಷರವನ್ನಷ್ಟೇ ಅಲ್ಲ, ಅದರ ಆತ್ಮವನ್ನೂ ಕಾಯಿರಿ. ಮಾಹಿತಿಯನ್ನು ಸಂಜೆ ಕೇಳಿರಿ, ಹಗಲು ಮಕ್ಕಳದು.

ಮೂರನೆಯದು ಕಬ್ಬಿನ ಹೊಲಕ್ಕೆ ಹೋಗುವ ಮಕ್ಕಳನ್ನು ಕುರಿತದ್ದು. ಮಗುವು ಬೇರೆ ಶಾಲೆಗೆ, ಬೇರೆ ರಾಜ್ಯದ ಶಾಲೆಗೂ ಸಹ, ವರ್ಗವಾಗಿ ಹೋಗುವ ಹಕ್ಕುಳ್ಳದ್ದು. ಪ್ರಮಾಣಪತ್ರವನ್ನು ಮುಖ್ಯಾಧ್ಯಾಪಕರು ಕೂಡಲೆ ಕೊಡತಕ್ಕದ್ದು. ವಲಸೆ ಬಂದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವದು ಆಯಾ ಊರಿನ ಸ್ಥಳೀಯ ಸಂಸ್ಥೆಯ ಹೊಣೆ. ಇವೆಲ್ಲವೂ ಕಾಯದೆಯಲ್ಲಿಯೇ ಇವೆ. ಆದರೆ ಗಡಿಯಾಚೆ ಮಗುವಿಗೆ ಸಿಗುವದು ಇನ್ನೊಂದು ಭಾಷೆಯ ಶಾಲೆ. ಆದಕಾರಣ ಊರಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಇದ್ದರೆ ಮಗುವನ್ನು ಅವರ ಬಳಿ ಬಿಡಲು ತಾಯಿತಂದೆಗಳನ್ನು ಒಡಂಬಡಿಸಿರಿ. ಇಲ್ಲವಾದರೆ ಋತುಮಾನದ ವಸತಿಶಾಲೆಗಾಗಿ ಹಟ ಹಿಡಿಯಿರಿ. ಎರಡೂ ಆಗದಿದ್ದರೆ ಮಗುವನ್ನು ಬರಿಗೈಯಿಂದ ಕಳಿಸಬೇಡಿರಿ: ಒಂದು ಪಾಟಿ, ಹತ್ತು ಅಕ್ಷರಪಟ್ಟಿ, ಮೂರು ಚಿಕ್ಕ ಕತೆಯ ಪುಸ್ತಕ, ಅಕ್ಕೋರ ಫೋನಿನ ಸಂಖ್ಯೆ.

ನಾಲ್ಕನೆಯದು ನಮ್ಮಂಥ ಓದುಬಲ್ಲ ಪಟ್ಟಣಿಗರಿಗೆ. ನಾವು ನಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ನವೆಂಬರ 1 ರಂದು ಕನ್ನಡ ಶಾಲೆಗೆ ಹೋಗಿ ಧ್ವಜ ಹಾರಿಸಿ, ಮಾಲೆ ಹಾಕಿಸಿಕೊಂಡು ಬರುವೆವು. ಇದು ಸಾಲದು. ವರ್ಷದಲ್ಲಿ ಒಂದು ವಾರ, ಮಾಲೆಯಿಲ್ಲದೆ, ಭಾಷಣವಿಲ್ಲದೆ, ಹಿಂದಿನ ಗೋಡೆಗೆ ಹೋಗಿ ಕೂಡಿರಿ. ಒಂದು ಮಗುವಿನ ಓದನ್ನು ಕೇಳಿರಿ. ಗುರುವಿನ ಹತ್ತು ನಿಮಿಷಕ್ಕೆ ತಮ್ಮದೊಂದು ಹತ್ತು ನಿಮಿಷವನ್ನು ಕೂಡಿಸಿರಿ.

ಶನಿವಾರ ಶಾಲೆ ಬಿಟ್ಟಾಗ ಆ ಕೂಸು ನಮ್ಮ ಮುಂದೆ ಬಂದು ನಿಂತು, ಏನನ್ನೂ ಹೇಳದೆ ಪಾಟಿಯನ್ನು ತೋರಿಸಿತು. ಮೇಲೆ ‘ಯಾಡಿ’, ಅದರ ಕೆಳಗೆ, ಯಾರೂ ಬರೆಯಲು ಹೇಳದಿದ್ದರೂ, ‘ಅವ್ವ’. ತಾಂಡೆಯ ಟ್ರ್ಯಾಕ್ಟರು ಇಂದೋ ನಾಳೆಯೋ ಹೊರಡುವದಂತೆ. ಅಕ್ಕೋರು ಅದರ ತಾಯಿಯನ್ನು ಕಂಡು ಮಾತಾಡಿದ್ದಾರೆ. ತಾಯಿಯು ಇನ್ನೂ ಹೌದೆಂದಿಲ್ಲ, ಅಲ್ಲವೆಂದೂ ಇಲ್ಲ. ಮುಂಗಡ ತೆಗೆದುಕೊಂಡ ಮನೆಯಲ್ಲಿ ಹೌದೆನ್ನುವದು ಸುಲಭವಲ್ಲ. ಈ ಸಭೆ ಮುಗಿದೊಡನೆ ನಾವು ಆ ಹಳ್ಳಿಗೆ ಹೊರಟಿರುವೆವು. ತಮ್ಮಲ್ಲಿ ಯಾರಿಗಾದರೂ ನಮ್ಮೊಡನೆ ಬರಲು ಬಿಡುವಿದ್ದರೆ ಬರಬೇಕು. ರಾಜ್ಯೋತ್ಸವವನ್ನು ಆಚರಿಸಲು ಅದಕ್ಕಿಂತ ತಕ್ಕ ಸ್ಥಳವು ಇಂದು ನಮಗೆ ತೋರದು.